ಕೇವೋ, ಕ್ಯಾವರ್ನೋ

ಮನುಷ್ಯನ ಮುಖಕ್ಕೂ ಅವನ ಬಾಯಿಂದ ಬರುವ ಭಾಷೆಗೂ ಏನೋ ಸಂಬಂಧವಿದೆ ಎಂದು ಜನ ಯಾಕೆ ನಂಬುತ್ತಾರೋ ನನಗೆ ಇವತ್ತಿಗೂ ತಿಳಿದಿಲ್ಲ. ನಾನು ದಾಂಡೇಲಿಯ ಒಂದು ಹೈಸ್ಕೂಲಿನಲ್ಲಿ ಕನ್ನಡ ಮಾಸ್ತರ. ಹೆಸರು ಬಸ್ತ್ಯಾಂವ. ಹಳೆಗನ್ನಡದ ಪದ್ಯವನ್ನು ಅನ್ವಯಿಸಿ ಅರ್ಥ ಹೇಳುತ್ತೇನೆ, ಸಂಧಿ ಸಮಾಸಗಳನ್ನು ನಿದ್ದೆಯಲ್ಲಿ ಎಬ್ಬಿಸಿ ಕೇಳಿದರೂ ಬಿಡಿಸುತ್ತೇನೆ. ಆದರೆ ನಾನು ಸಿದ್ದಿ. ಕೂದಲು ಗುಂಗುರು, ಬಣ್ಣ ಕಪ್ಪು. ನಮ್ಮ ಹಿರಿಯರು ಯಾವುದೋ ಕಾಲದಲ್ಲಿ ಆಫ್ರಿಕಾದಿಂದ ಹಡಗಿನಲ್ಲಿ ಗೋವಾಕ್ಕೆ ಬಂದವರು. ಬಂದವರು ಎನ್ನುವುದಕ್ಕಿಂತ ಯಾರೋ ಹಿಡಿದು ತಂದವರು. ಅಲ್ಲಿಂದ ತಪ್ಪಿಸಿಕೊಂಡು ಘಟ್ಟ ಹತ್ತಿ ಈ ಕಾಡು ಸೇರಿದರು. ಅಷ್ಟು ಅವಸರದಲ್ಲಿ ಓಡಿ ಬಂದವರು ಇಂಗ್ಲಿಷನ್ನೇನೂ ಜೊತೆಗೆ ಕಟ್ಟಿಕೊಂಡು ಬರಲಿಲ್ಲ. ಮನೆಯೊಳಗೆ ಕೊಂಕಣಿ, ಹೊಸಿಲು ದಾಟಿದರೆ ಕನ್ನಡ, ಸಂತೆಯಲ್ಲಿ ಸ್ವಲ್ಪ ಮರಾಠಿ, ಇಷ್ಟರಲ್ಲೇ ನಮ್ಮ ಜೀವನ ನಡೆದಿದೆ. ಆದರೂ ಹೊಸಬರು ಯಾರೇ ನನ್ನನ್ನು ನೋಡಲಿ, ಮೊದಲ ಮಾತು ಇಂಗ್ಲಿಷ್.

ಒಮ್ಮೆ ಬಸ್ಸಿನಲ್ಲಿ ಪಕ್ಕಕ್ಕೆ ಕೂತ ಹುಡುಗರು, ಕಾಳಿ ನದಿಯಲ್ಲಿ ದೋಣಿ ಆಡಲು ಬಂದವರು, "ವೇರ್ ಫ್ರಂ, ಸರ್?" ಎಂದು ಕೇಳಿದರು. ಇಷ್ಟು ನನಗೆ ಅರ್ಥವಾಗುತ್ತದೆ. ನನ್ನ ಹುಟ್ಟೂರಿಗೆ ಹತ್ತಿರದ ದೊಡ್ಡ ಊರಿನ ಹೆಸರು ಹೇಳಿದೆ: "ಸಾಂಬ್ರಾಣಿ." ಒಬ್ಬ ತಲೆಯಾಡಿಸಿ, ಅದು ಟಾಂಜಾನಿಯಾದ ಕೆಳಗಿರುವ ಸಣ್ಣ ದೇಶ ಎಂದು ಪಕ್ಕದವನಿಗೆ ವಿವರಿಸಿದ. ಹಳಿಯಾಳ ತಾಲ್ಲೂಕನ್ನು ಅಷ್ಟು ದೂರ ಒಯ್ದವನನ್ನು ತಿದ್ದಲು ನನಗೆ ಮನಸ್ಸಾಗಲಿಲ್ಲ. ಅಂಬೇವಾಡಿಯಲ್ಲಿ ನಾನು ಇಳಿದಾಗ ಅವರೆಲ್ಲ ಕಿಟಕಿಯಿಂದ ಕೈಬೀಸಿದರು. ನಾನೂ ಬೀಸಿದೆ. ಒಂದು ದೇಶದ ಮರ್ಯಾದೆಯ ಪ್ರಶ್ನೆ.

ಹೀಗೆ ಇಂಗ್ಲಿಷಿಗೂ ನನಗೂ ದೂರದ ನಮಸ್ಕಾರ ನಡೆದಿದ್ದಾಗ, ಒಂದು ಇಂಗ್ಲಿಷ್ ಶಬ್ದ ನೇರವಾಗಿ ನಮ್ಮ ಮನೆಗೇ ಬಂತು. ತಂದವಳು ನನ್ನ ಹೆಂಡತಿಯ ತಂಗಿ ಸೆಲಿನ್.

ಸೆಲಿನ್ ಇರುವುದು ಜೋಯಿಡಾ ತಾಲ್ಲೂಕಿನ ಒಂದು ಹಳ್ಳಿಯಲ್ಲಿ, ತನ್ನ ತಾಯಿಯ ಜೊತೆ. ಗಂಡ ಪಾಸ್ಕು ತುಂಡು ಗದ್ದೆ ನೋಡಿಕೊಂಡು ಕೂಲಿಗೂ ಹೋಗುತ್ತಾನೆ. ಮೊದಲು ಕೆಲವು ವರ್ಷ ಸೆಲಿನ್ ಗೋವಾದಲ್ಲಿ ಒಬ್ಬರ ಮನೆಯಲ್ಲಿ ಅಡಿಗೆ ಮಾಡಿಕೊಂಡಿದ್ದಳು. ಮಗಳು ರೋಜಿ ಆಗ ನಮ್ಮಲ್ಲಿದ್ದಳು. ರಾತ್ರಿ ಊಟದ ಹೊತ್ತಿಗೆ ಫೋನಿನಲ್ಲಿ ತಾಯಿಯ ಮುಖ ಕಂಡರೆ ಅದನ್ನು ತಟ್ಟೆಯ ಎದುರು ತಂಬಿಗೆಗೆ ಆನಿಸಿ ಇಟ್ಟು ಉಣ್ಣುತ್ತಿತ್ತು ಆ ಮಗು. ನೆಟ್‌ವರ್ಕ್ ಹೋದರೆ ಊಟವೂ ನಿಲ್ಲುತ್ತಿತ್ತು. ಇದನ್ನು ನೋಡಲಾಗದೆ ಸೆಲಿನ್ ಕೆಲಸ ಬಿಟ್ಟು ಬಂದಳು. ಮನೆಯ ಪಕ್ಕ ಎರಡು ಕೋಣೆ ಹಾಕಿ, ಹೆಂಚು ಹೊದಿಸಿ, ಪ್ರವಾಸಿಗಳು ಬಂದು ಉಳಿಯಲಿ ಎಂದು ಹೋಂಸ್ಟೇ ತೆಗೆದಳು. ಕೋಣೆ ಚೆಂದವಾಗಿವೆ, ಅವಳ ಕೈಯಡಿಗೆ ಇನ್ನೂ ಚೆಂದ. ಬರುವವರು ಮಾತ್ರ ಎಲ್ಲೋ ಒಬ್ಬಿಬ್ಬರು. ಗೋವಾದ ಯಜಮಾನಿಯಿಂದ "ವಾಪಸ್ ಯಾವಾಗ ಬರ್ತೀ" ಎಂಬ ಫೋನು ಮಾತ್ರ ತಪ್ಪದೆ ಬರುತ್ತಿತ್ತು.

ಅವಳು ಒಂದು ಮಧ್ಯಾಹ್ನ ನಮ್ಮ ಮನೆಗೆ ಬಂದು, ನೀರು ಕುಡಿದು, "ಭಾವಾ, ಒಂದು ಶಬ್ದದ ಅರ್ಥ ಬೇಕಾಗೇತಿ" ಎಂದಳು.

ಶಬ್ದದ ಅರ್ಥ ಕೇಳಿಕೊಂಡು ಬಸ್ಸು ಹತ್ತಿ ಬರುವವರು ಕನ್ನಡ ಮಾಸ್ತರನಿಗೆ ಅಪರೂಪ. ನಾನು ನೆಟ್ಟಗೆ ಕೂತೆ. "ಹಳೆಗನ್ನಡದ್ದೇನು?"

"ಇಂಗ್ಲಿಷಿಂದು. ಕೇವ್ ಅಂದ್ರೇನು, ಕ್ಯಾವರ್ನ್ ಅಂದ್ರೇನು?"

ವಿಷಯ ಇಷ್ಟು. ನನ್ನ ಅತ್ತೆಯ ಮಾಲ್ಕಿ ಜಮೀನಿನ ಹಿಂದೆ ಒಂದು ದಿಬ್ಬವಿದೆ, ದಿಬ್ಬದಲ್ಲಿ ಒಂದು ಗವಿ. ಬೇಸಿಗೆಯಲ್ಲಿ ದನಗಳು ಅದರ ಬಾಯಿಗೆ ಬಂದು ಮಲಗುತ್ತವೆ. ಪುಣೆಯಿಂದ ಬಂದ ಗಂಡ ಹೆಂಡತಿ ಅದನ್ನು ನೋಡಿ ಮರುಳಾಗಿದ್ದರಂತೆ. ಇದನ್ನು ನೋಡಲಿಕ್ಕಾಗಿಯೇ ಜನ ಬರುತ್ತಾರೆ, ರಸ್ತೆಯ ಮೇಲೆ ಬೋರ್ಡ್ ಹಾಕಿಸಿ ಎಂದರಂತೆ. ಅಲ್ಲಿಗೆ ಸರಿ. ಆದರೆ ಬೋರ್ಡಿನಲ್ಲಿ ಏನು ಬರೆಸಬೇಕು ಎಂಬಲ್ಲಿ ಅವರಿಬ್ಬರಿಗೇ ತಕರಾರು ಹತ್ತಿತು. ಇದು ಕ್ಯಾವರ್ನ್ ಎಂದು ಗಂಡ, ಬರೀ ಕೇವ್ ಎಂದು ಹೆಂಡತಿ. ಊಟ ಮುಗಿಯುವವರೆಗೂ ಇದೇ ಮಾತು. "ನಾ ಮಾಡಿದ ಕೋಳಿ ಸಾರು ಅವ್ರ ನಾಲಿಗಿಗೆ ಗೊತ್ತಾತೋ ಇಲ್ಲೋ" ಎಂದು ಸೆಲಿನ್ ಅದೇ ದುಃಖ ತೋಡಿಕೊಂಡಳು.

ಇದಲ್ಲದೆ ಮುಂದಿನ ವಾರದ ಶುಕ್ರವಾರ ಮುಂಡಗೋಡದ ಒಂದು ಟ್ರಾವೆಲ್ ಏಜೆನ್ಸಿಯವರು ಜಾಗ ನೋಡಲು ಬರುವವರಿದ್ದರು. ಅವರಿಗೆ ಒಪ್ಪಿಗೆಯಾದರೆ ಸೀಸನ್ ಪೂರ್ತಿ ಜನರನ್ನು ಕಳಿಸುತ್ತಾರೆ. ಅಷ್ಟರೊಳಗೆ ಬೋರ್ಡ್ ಆಗಬೇಕು.

"ಶಬ್ದ ಯಾವುದಂತ ನೀವ ಹೇಳ್ರಿ. ಪೇಂಟರ್ ಬ್ರಶ್ ಹಿಡ್ಕೊಂಡು ಕೂತಾನ."

"ಸೆಲಿನ್, ನಾ ಕನ್ನಡ ಮಾಸ್ತರ."

"ಮಾಸ್ತರ ಅಂದ್ರ ಮಾಸ್ತರರಿ. ಗಣಿತದ ಮಾಸ್ತರಗ ಅ ಆ ಇ ಈ ಬರೂದಿಲ್ಲೇನು?"

ಅವಳು ಹೋದ ಮೇಲೆ ನನ್ನ ಹೆಂಡತಿ ಕತ್ರಿನ್ ತಂಬಿಗೆ ತೊಳೆಯುತ್ತ ಹೇಳಿದಳು: "ಹೆಂಗರ ಮಾಡಿ ಕೊಡ್ರಿ. ಅಕಿ ಮತ್ತ ಗೋವಾಕ್ಕ ಹೋಗೂದು ಬ್ಯಾಡ. ಆ ಕೂಸು ಮತ್ತ ತಂಬಗಿ ಮುಂದ ಕೂತು ಉಣ್ಣೂದು ನನ್ನ ಕಣ್ಣಿಲೆ ನೋಡಾಕ ಆಗೂದಿಲ್ಲ." ಒಂದು ಶಬ್ದದ ಮೇಲೆ ಇಷ್ಟು ಭಾರ ಬಿದ್ದದ್ದನ್ನು ನಾನು ಯಾವ ವ್ಯಾಕರಣದಲ್ಲೂ ಓದಿರಲಿಲ್ಲ.

ಮೊದಲು ನಿಘಂಟು ತೆಗೆದೆ. ಕ್ಯಾವರ್ನ್ ಎಂದರೆ ದೊಡ್ಡ ಕೇವ್ ಎಂದಿತ್ತು. ಎಷ್ಟು ದೊಡ್ಡದು ಎಂದು ಇರಲಿಲ್ಲ. ನಮ್ಮ ಕಡೆ ನೋಡಿದರೆ ಗುಹೆ, ಗವಿ, ಬಿಲ, ಕಂದರ, ಗಹ್ವರ. ಗಹ್ವರ ನನಗೆ ಬಹಳ ಪ್ರೀತಿಯ ಶಬ್ದ. ಉಚ್ಚರಿಸಿದರೆ ಬಾಯೊಳಗೇ ಒಂದು ಗುಹೆ ತೆರೆದಂತಾಗುತ್ತದೆ. "ಗಹ್ವರ ಅಂತ ಬರಸೂಣು" ಎಂದೆ. "ಅದನ್ನ ಓದಿ ತಿಳ್ಕೊಳ್ಳಾವ್ರು ನೀವೊಬ್ರ. ನಿಮಗ ಹೆಂಗೂ ಪುಕ್ಕಟೆ ಊಟ" ಎಂದಳು ಕತ್ರಿನ್.

ಮರುದಿನ ಸ್ಟಾಫ್ ರೂಮಿನಲ್ಲಿ ಇಂಗ್ಲಿಷ್ ಕಲಿಸುವ ಕುಲಕರ್ಣಿ ಮೇಡಂ ಅವರನ್ನು ಹಿಡಿದೆ. ಧಾರವಾಡದವರು, ಯಾವ ಪ್ರಶ್ನೆಗೂ ಬೇಸರಿಸುವುದಿಲ್ಲ. "ಸಣ್ಣದಿದ್ರ ಕೇವ್, ದೊಡ್ಡದಿದ್ರ ಕ್ಯಾವರ್ನ್. ನಡುವಿಂದು ನಡುವಿಂದು" ಎಂದರು. ಆಮೇಲೆ ಅವರಿಗೇ ಹುರುಪು ಬಂದು ಆ ಶಬ್ದದ ಬಂಧುಬಳಗವನ್ನೆಲ್ಲ ಕರೆದು ಕೂರಿಸಿದರು. ಆಳವಾದ ದನಿಗೆ, ಖಾಲಿ ಹೊಡೆಯುವ ದೊಡ್ಡ ಹಜಾರಕ್ಕೆ, ಆಕಳಿಸುವ ಬಾಯಿಗೆ ಕ್ಯಾವರ್ನಸ್ ಎನ್ನುತ್ತಾರಂತೆ. "ನಿಮ್ಮ ದನೀನೂ ಕ್ಯಾವರ್ನಸ್ ಐತ್ರಿ ಸರ್" ಎಂದರು. ಅದನ್ನು ಬಹುಮಾನದಂತೆ ಮನೆಗೆ ಒಯ್ದೆ. ಕತ್ರಿನ್ ಅರ್ಥ ಕೇಳಿದಳು. ಗವಿಯಂಥ ದನಿ ಎಂದೆ. ಅವಳು ಸ್ವಲ್ಪ ಯೋಚಿಸಿ, "ನೀವು ಸ್ಟಾಫ್ ರೂಮಿನ್ಯಾಗ ಮಲಗಿದ್ರೇನು?" ಎಂದಳು. ಮೇಡಂ ಪ್ರಕಾರ ಕೇವ್ ಇನ್ ಎಂಬ ಮಾತೂ ಇದೆ. ನೆಲ ಕುಸಿಯುವುದಕ್ಕೆ ಹಾಗೆನ್ನುತ್ತಾರೆ, ವಾದ ಮಾಡುತ್ತಿದ್ದವನು ಸಾಕಪ್ಪ ಎಂದು ಸೋಲುವುದಕ್ಕೂ ಹಾಗೆನ್ನುತ್ತಾರೆ. ಆ ಅರ್ಥದ ಪ್ರಯೋಗ ನಮ್ಮ ಮನೆಯಲ್ಲಿ ನಿತ್ಯ ನಡೆಯುತ್ತದೆ. ಹೆಸರು ಗೊತ್ತಿರಲಿಲ್ಲ, ಅಷ್ಟೇ.

ಅದೇ ವಾರ ಹಳಿಯಾಳಕ್ಕೆ ಹಲ್ಲು ತೋರಿಸಲು ಹೋಗಬೇಕಾಯಿತು. ಡಾಕ್ಟರರು ಕನ್ನಡಿ ತೂರಿಸಿ "ಕ್ಯಾವಿಟಿ ಐತಿ" ಎಂದರು. ಬಾಯಲ್ಲಿ ಅವರ ಎರಡು ಬೆರಳು, ಒಂದು ನಳಿಗೆ, ಹತ್ತಿ ಇಷ್ಟೆಲ್ಲ ಇದ್ದಾಗಲೂ ನಾನು ಬಿಡದೆ, ಇದು ಕೇವ್ ಜಾತಿಯದೋ ಕ್ಯಾವರ್ನ್ ಜಾತಿಯದೋ ಎಂದು ಕೇಳಿದೆ. ಅವರಿಗೆ ಕೇಳಿಸಿದ್ದು ಬರೀ ಸ್ವರಗಳು. ನೋವಾಗುತ್ತಿದೆ ಎಂದು ತಿಳಿದು ಇನ್ನೊಂದು ಇಂಜೆಕ್ಷನ್ ಚುಚ್ಚಿದರು. ಸಂಜೆಯವರೆಗೂ ನನ್ನ ಎಡಗೆನ್ನೆ ನನ್ನದಾಗಿರಲಿಲ್ಲ.

ಕೊನೆಗೆ ದಾರಿ ತೋರಿಸಿದವರು ಪಕ್ಕದ ಮನೆಯ ಪಾಟೀಲ ಕಾಕಾ. ಅಂಬಿಕಾನಗರದ ವಿದ್ಯುತ್ ಕಾಲೊನಿಯಲ್ಲಿದ್ದು ನಿವೃತ್ತರಾದವರು. ಅದಕ್ಕೂ ಮೊದಲು ಬೇರೆ ಜಿಲ್ಲೆಯಲ್ಲಿ ಬೆಟ್ಟದ ಹೊಟ್ಟೆ ಕೊರೆದು ಪವರ್ ಹೌಸ್ ಕೂರಿಸುವ ಕೆಲಸದಲ್ಲಿದ್ದರಂತೆ. "ಕ್ಯಾವರ್ನ್ ಅಂತ ದಿನಾ ಅಂತಿದ್ವಿ" ಎಂದರು. "ಮಷಿನ್ ಕೂಡ್ರಸೂ ಜಾಗಾ. ನಮ್ಮ ಲೆಕ್ಕ ಸೀದಾ ಇತ್ತು ನೋಡ್ರಿ. ಒಳಗ ಲಾರಿ ತಿರುಗಿದ್ರ ಕ್ಯಾವರ್ನ್. ತಿರುಗದ ಹಿಂದಕ್ಕ ಬರಬೇಕಾದ್ರ ಅದು ಬರೇ ಸುರಂಗ." ನಿಘಂಟಿನಲ್ಲಿ ಸಿಗದ ಸ್ಪಷ್ಟತೆ. ಇನ್ನು ಗವಿಗೆ ಹೋಗಿ ಮನಸ್ಸಿನಲ್ಲೇ ಒಂದು ಲಾರಿ ತಿರುಗಿಸಿ ನೋಡುವುದೊಂದೇ ಬಾಕಿ.

ಭಾನುವಾರ ಹೋದೆ. ಮದುವೆಯಾದಂದಿನಿಂದ ಆ ದಿಬ್ಬವನ್ನು ನೋಡಿದ್ದೇನೆ, ಗವಿಯೊಳಗೆ ಕಾಲಿಟ್ಟವನಲ್ಲ. ಕತ್ತಲೆ ಕಂಡರೆ ನನಗೆ ಹಿಂದಿನಿಂದಲೂ ಅಷ್ಟಕ್ಕಷ್ಟೆ. ಬಾಯಿ ಅಗಲವಾಗಿದೆ, ಒಳಗೆ ಹೋದಂತೆ ಕಿರಿದಾಗಿ, ಒಂದು ಕಡೆ ಮಂಡಿಯೂರಿ ನುಸುಳಬೇಕು. ಸೆಲಿನ್ ಟಾರ್ಚ್ ಹಿಡಿದು ಮೀನಿನಂತೆ ನುಸುಳಿದಳು. ಅವಳ ಹಿಂದೆ ನಾನು ತಲೆ ತೂರಿಸಿದೆ, ಭುಜ ತೂರಿಸಿದೆ. ಹೊಟ್ಟೆ ಬರಲಿಲ್ಲ. ಮುಂದಕ್ಕೂ ಇಲ್ಲ, ಹಿಂದಕ್ಕೂ ಇಲ್ಲ. ಒಳಗೆ ಲಾರಿ ತಿರುಗಿಸಲು ಬಂದವನು ಬಾಗಿಲಲ್ಲೇ ಸಿಕ್ಕಿಬಿದ್ದೆ.

"ಉಸುರು ಬಿಡ್ರಿ ಭಾವಾ" ಎಂದು ಒಳಗಿನಿಂದ ಸೆಲಿನ್ ನನ್ನ ಕೈ ಎಳೆದಳು. ಹೊರಗೆ ನನ್ನ ಅತ್ತೆ ಬಂದು ನಿಂತದ್ದು ದನಿಯಿಂದ ಗೊತ್ತಾಯಿತು. ಅವರಿಗೆ ಸಾಕಷ್ಟು ವಯಸ್ಸಾಗಿದೆ, ಆದರೆ ಕಟ್ಟಿಗೆಯ ಹೊರೆ ಇನ್ನೂ ತಾವೇ ಹೊರುತ್ತಾರೆ. "ಅಂವಗ ಮುಂಜಾನಿ ಎಷ್ಟು ರೊಟ್ಟಿ ಹಾಕಿದಿ?" ಎಂದು ಮಗಳನ್ನು ಕೇಳಿ, ಉತ್ತರಕ್ಕೆ ಕಾಯದೆ ಅಳಿಯನ ಹಿಂಭಾಗಕ್ಕೆ ಹೆಗಲು ಕೊಟ್ಟು ಒಂದು ಸಲ ನೂಕಿದರು. ನಾನು ಬಾಟಲಿಯ ಬೂಚಿನಂತೆ ಒಳಗೆ ಹೋಗಿ ಬಿದ್ದೆ. ಅವರೂ ನುಸುಳಿ ಬಂದರು, ನನ್ನಷ್ಟು ಕಷ್ಟಪಡದೆ.

ಎದ್ದು ನಿಂತೆ. ನಿಲ್ಲಲು ಆಗುತ್ತದೆ ಎಂಬುದೇ ಮೊದಲ ಆಶ್ಚರ್ಯ. ಸೆಲಿನ್ ಟಾರ್ಚ್ ಮೇಲಕ್ಕೆತ್ತಿದಳು. ಬೆಳಕು ಹೋಗಿ ಹೋಗಿ ಎಲ್ಲೋ ಎತ್ತರದಲ್ಲಿ ಕಲ್ಲಿಗೆ ತಾಗಿತು. ನಮ್ಮ ಶಾಲೆಯ ಪ್ರಾರ್ಥನೆಗೆ ಮಕ್ಕಳೆಲ್ಲ ಸಾಲಾಗಿ ನಿಲ್ಲುವಷ್ಟು ಜಾಗ. ತಂಪು ಗಾಳಿ. ಒಂದು ಮೂಲೆಯಲ್ಲಿ ನೀರು ತೊಟ್ಟಿಕ್ಕುವ ಸದ್ದು. ಬಾವಲಿಗಳು ನಮ್ಮ ಕಡೆ ಲಕ್ಷ್ಯ ಕೊಡದೆ ತಲೆಕೆಳಗಾಗಿ ಮಲಗಿದ್ದವು. ನನಗೆ ಹೆದರಿಕೆಯಾಗಬೇಕಿತ್ತು, ಆಗಲಿಲ್ಲ.

"ಸೆಲಿನ್ ಕೈಗೂಸು ಇದ್ದಾಗ ಮಳಿಗಾಳಿಗೆ ಮನಿ ಹೆಂಚೆಲ್ಲ ಹಾರಿ ಹೋಗಿದ್ವು" ಎಂದರು ಅತ್ತೆ, ಒಂದು ಕಲ್ಲಿನ ಮೇಲೆ ಕೂತು. "ಹೆಂಚು ಹೊಚ್ಚೂತನಕ ಇಲ್ಲೇ ಇದ್ವಿ. ಆ ಮೂಲ್ಯಾಗ ಒಲಿ ಹೂಡಿದ್ದೆ. ಹನಿ ಸುದ್ದಾ ಮೈಮ್ಯಾಲೆ ಬೀಳಲಿಲ್ಲ. ಹೊರಗ ಗುಡುಗಿದ್ರ ಇಲ್ಲಿ ಜೋಗುಳ ಹಾಡಿದಂಗ ಕೇಳಿಸ್ತಿತ್ತು."

ಸೆಲಿನ್‌ಗೆ ಈ ಕಥೆ ಗೊತ್ತಿರಲಿಲ್ಲ. ಅವಳು ಟಾರ್ಚನ್ನು ಆ ಮೂಲೆಗೆ ಹಿಡಿದಳು. ಕಲ್ಲು ಅಲ್ಲಿ ಇನ್ನೂ ಮಸಿ ಹಿಡಿದಿತ್ತು. ಅವಳು ಮೆಲ್ಲಗೆ, "ಇದನ್ನ ಬಿಟ್ಟು ನಾ ಎಲ್ಲಿ ಹೋಗ್ಲಿ ಅವ್ವಾ" ಎಂದಳು. ಅತ್ತೆ ಸೆರಗಿನಿಂದ ಕಲ್ಲಿನ ಧೂಳು ಒರೆಸಿದರು.

ನಾನು ಗಂಟಲು ಸರಿಮಾಡಿಕೊಂಡು, "ಲಾರಿ ತಿರಗ್ತೈತಿ. ಇದು ಕ್ಯಾವರ್ನ್" ಎಂದು ತೀರ್ಪು ಕೊಟ್ಟೆ. ಹೊರಗೆ ಬಂದ ಕೂಡಲೆ ಪೇಂಟರನಿಗೆ ಫೋನ್ ಮಾಡಿ ಶಬ್ದವನ್ನು ಅಕ್ಷರ ಅಕ್ಷರ ಬಿಡಿಸಿ ಹೇಳಿದೆ. ಹೊರಗೆ ಬಂದದ್ದು ಹೇಗೆ ಎಂದು ಕೇಳಬೇಡಿ. ಒಳಗೆ ಹೋಗುವಾಗ ಒಬ್ಬರು ನೂಕಿದ್ದರು, ಬರುವಾಗ ಇಬ್ಬರೂ ನೂಕಿದರು.

ಶುಕ್ರವಾರ ಬಂತು, ಬೋರ್ಡ್ ಬರಲಿಲ್ಲ. ಪೇಂಟರನ ಮನೆಯಲ್ಲಿ ಲಗ್ನವಂತೆ. ನಾನು ರಜೆ ಹಾಕಿ, ಇಸ್ತ್ರಿ ಅಂಗಿ ತೊಟ್ಟು ಹೋಗಿದ್ದೆ. "ಬೋರ್ಡ್ ಇಲ್ಲಂದ್ರೇನಾತು, ನೀವ ಬೇಲಿ ದಣಪಿ ಹತ್ರ ನಿಂತು ಹೇಳ್ರಿ" ಎಂದು ಸೆಲಿನ್ ನನ್ನನ್ನೇ ಬೋರ್ಡಿನ ಜಾಗದಲ್ಲಿ ನಿಲ್ಲಿಸಿದಳು. ಮುಂಡಗೋಡದಿಂದ ಬರುವವರು ನಮ್ಮವರೇ, ಕನ್ನಡದಲ್ಲಿ ಹೇಳಿದರಾಯಿತು ಎಂಬ ಧೈರ್ಯ ನನಗೆ. ಶುದ್ಧ ಕನ್ನಡದಲ್ಲಿ ಸ್ವಾಗತದ ಮೂರು ವಾಕ್ಯ ಸಿದ್ಧ ಮಾಡಿಕೊಂಡಿದ್ದೆ.

ಮೋಟರ್ ಸೈಕಲ್ ಒಂದು ಬಂದು ನಿಂತಿತು. ಇಳಿದವನು ಹೆಲ್ಮೆಟ್ ತೆಗೆದ. ಅಗಲ ಮುಖ, ಸಣ್ಣ ಕಣ್ಣು, ಕೊರಳಲ್ಲಿ ಕ್ಯಾಮೆರಾ. ನನ್ನ ಕನ್ನಡ ವಾಕ್ಯಗಳು ಮೂರೂ ಒಟ್ಟಿಗೆ ಹಾರಿಹೋದವು. ಏಜೆನ್ಸಿಯವರು ಮುಂಚಿತವಾಗಿ ಯಾರೋ ವಿದೇಶಿಯನ್ನು ಕಳಿಸಿದ್ದಾರೆ, ನಮ್ಮನ್ನು ಪರೀಕ್ಷೆ ಮಾಡಲು. ಸೆಲಿನ್ ಬಾಗಿಲಿಂದ ನೋಡುತ್ತಿದ್ದಳು. ಕುಲಕರ್ಣಿ ಮೇಡಂ ಉಚ್ಚಾರಕ್ಕೆಂದು ಹೇಳಿಕೊಟ್ಟಿದ್ದ ವಾಕ್ಯ ನೆನಪಾಯಿತು. ಎದೆಯುಬ್ಬಿಸಿ ಹೇಳಿದೆ: "ವೆಲ್ಕಮ್ ಸರ್. ದಿಸ್ ಈಸ್ ನಾಟ್ ಕೇವ್. ದಿಸ್ ಈಸ್ ಕ್ಯಾವರ್ನ್."

ಆತ ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿ, ಮುಖದ ತುಂಬ ನಗೆ ತಂದುಕೊಂಡು, "ವೆರಿ ಗುಡ್ ಸರ್. ಯು ಲೈಕ್ ಇಂಡಿಯಾ?" ಎಂದ.

ಪ್ರಶ್ನೆ ವಿಚಿತ್ರವಾಗಿತ್ತು, ಆದರೆ ಸುಳ್ಳು ಹೇಳುವ ಅಗತ್ಯವಿರಲಿಲ್ಲ. "ಯೆಸ್" ಎಂದೆ. ಉಪಚಾರಕ್ಕೆ, "ಯು ಲೈಕ್?" ಎಂದೆ. "ಯೆಸ್, ಯೆಸ್" ಎಂದ. "ವೆರಿ ಹಾಟ್" ಎಂದ. "ಹಾಟ್, ಹಾಟ್" ಎಂದೆ. ಅಲ್ಲಿಗೆ ನನ್ನ ಇಂಗ್ಲಿಷ್ ಮುಗಿಯಿತು. ಅವನದೂ ಮುಗಿಯುತ್ತ ಬಂದಿದೆ ಎಂದು ಹಣೆಯ ಬೆವರಿನಿಂದ ಗೊತ್ತಾಗುತ್ತಿತ್ತು. ಇಬ್ಬರೂ ಜಗಲಿಗೆ ಬಂದು ಕೂತೆವು. ಆತ ಮರ ತೋರಿಸಿ "ಟ್ರೀ" ಎಂದ. ನಾನು ದನ ತೋರಿಸಿ "ಕೌ" ಎಂದೆ. ಒಂದನೆಯ ತರಗತಿಯ ಪುಸ್ತಕ ಮುಗಿಯುವವರೆಗೆ ಹೀಗೆ ನಡೆಯಿತು. ಒಳಗೆ ಸೆಲಿನ್ ಗಂಡನಿಗೆ, "ಭಾವ ಹೆಂಗ ಮಾತಾಡಾಕತ್ತಾರ ಕೇಳು" ಎನ್ನುವುದು ನನಗೆ ಕೇಳಿಸಿತು.

ಆಗ ನನ್ನ ಅತ್ತೆ ಹಿತ್ತಲಿನಿಂದ ಬಂದು, ನಮ್ಮಿಬ್ಬರನ್ನೂ ಸ್ವಲ್ಪ ಹೊತ್ತು ನೋಡಿ, "ಇವ್ರಿಬ್ರೂ ಯಾಕ ಹಿಂಗ ತೊದಲಾಕತ್ತಾರ? ಚಾ ಕುಡೀತಾರೇನು ಕೇಳು" ಎಂದರು.

"ಸಕ್ಕರಿ ಕಮ್ಮಿ ಹಾಕ್ರಿ ಆಯಿ" ಎಂದ ಆತ.

"ನನಗ ಸಕ್ಕರಿ ಇರಲಿ" ಎಂದೆ ನಾನು.

ಇಬ್ಬರೂ ಒಬ್ಬರನ್ನೊಬ್ಬರು ನೋಡಿದೆವು. "ನಿಮಗ ಕನ್ನಡ ಬರ್ತೈತಿ?" ಎಂದು ಇಬ್ಬರ ಬಾಯಿಂದಲೂ ಒಟ್ಟಿಗೇ ಬಂತು.

"ನಾ ಮುಂಡಗೋಡದಾಂವರಿ. ತೆನ್ಜಿನ್ ಅಂತ. ಏಜೆನ್ಸಿ ನಂದ" ಎಂದ ಆತ. "ನಮ್ಮ ಅಜ್ಜ ಟಿಬೆಟ್‌ನಿಂದ ಬಂದಾಂವ. ನಾ ಹುಟ್ಟಿದ್ದು, ಬೆಳದದ್ದು, ಕನ್ನಡ ಸಾಲಿ ಕಲ್ತದ್ದು ಎಲ್ಲಾ ಅಲ್ಲೇ. ನಿಮ್ಮನ್ನ ನೋಡಿ ಆಫ್ರಿಕಾದ ಗೆಸ್ಟ್ ಆಗಲೇ ಬಂದಾರ, ಜಾಗಾ ಭಾಳ ಫೇಮಸ್ ಐತಿ ಅಂದ್ಕೊಂಡೆ."

"ನಾ ಕನ್ನಡ ಮಾಸ್ತರ. ಸಾಂಬ್ರಾಣಿ ಕಡೆಯಾಂವ" ಎಂದೆ. ಮುಖ ನೋಡಿ ಭಾಷೆ ಅಳೆಯುವವರ ಮೇಲೆ ಜೀವಮಾನವಿಡೀ ಮುನಿಸಿಕೊಂಡ ನಾನು, ಅದೇ ಅಳತೆಗೋಲು ಹಿಡಿದು ದಣಪೆಯ ಬಳಿ ನಿಂತಿದ್ದೆ. ತೆನ್ಜಿನ್ ನನ್ನ ಮುಜುಗರ ನೋಡಿ, "ಬಿಡ್ರಿ ಸರ. ಹುಬ್ಬಳ್ಳಿ ಬಸ್ ಸ್ಟ್ಯಾಂಡಿನ್ಯಾಗ ನಿಂತಿದ್ದೆ, ಒಬ್ರು ಬಂದು ಮೊಮೊ ಹೆಂಗ ಪ್ಲೇಟ್ ಅಂದ್ರು. ನಾ ಮುಂಡಗೋಡ ಬಸ್ ಕಾಯಾಕತ್ತಿದ್ದೆ" ಎಂದ. ನಾನು ಟಾಂಜಾನಿಯಾದ ಕೆಳಗಿನ ದೇಶದ ಕಥೆ ಹೇಳಿದೆ. ಅತ್ತೆ ಚಹಾ ತಂದಾಗ ನಾವಿಬ್ಬರೂ ಕಂಬ ಹಿಡಿದುಕೊಂಡು ನಗುತ್ತಿದ್ದೆವು. "ಈಗ ಮನುಷ್ಯಾರಂಗ ಕಾಣಾಕತ್ತೀರಿ" ಎಂದರು ಅವರು.

ಆಮೇಲೆ ಗವಿಗೆ ಹೋದೆವು. ನಾನು ಹೊರಗೇ ನಿಂತೆ. ಒಬ್ಬ ಅತಿಥಿಯ ಎದುರು ಒಂದು ದಿನಕ್ಕೆ ಒಂದೇ ಅವಮಾನ ಸಾಕು. ಸೆಲಿನ್ ಮತ್ತು ತೆನ್ಜಿನ್ ಒಳಗೆ ಹೋದವರು ಬಹಳ ಹೊತ್ತು ಬರಲಿಲ್ಲ. ಹೊರಗೆ ಬಂದ ತೆನ್ಜಿನ್ ಮೊಣಕಾಲಿನ ಮಣ್ಣು ಕೊಡವುತ್ತ ಹೇಳಿದ: "ನಮ್ಮ ಅಜ್ಜನ ಊರಾಗ ಗವಿಯೊಳಗ ವರ್ಷಾನುಗಟ್ಟಲೆ ಕೂತು ಧ್ಯಾನ ಮಾಡಾವ್ರು ಇದ್ರಂತ. ಅಜ್ಜ ಸಾಯೂತನಕ ಅದನ್ನ ಹೇಳ್ತಿದ್ದ. ಮುಂಡಗೋಡದಾಗ ಗೋವಿನಜೋಳದ ಹೊಲಾ ಐತಿ, ಅವನಿಗೊಂದು ಗವಿ ಎಲ್ಲಿಂದ ತರೂದು. ಇವತ್ತ ಒಳಗ ಕೂತಾಗ ಅಂವ ಹೇಳಿದ್ದು ಏನಂತ ತಿಳೀತು ನೋಡ್ರಿ."

ಸೆಲಿನ್ ಧೈರ್ಯ ಮಾಡಿ, "ಮತ್ತ ಮಂದಿ ಕಳಸ್ತೀರಿ?" ಎಂದಳು.

"ಕಳಸ್ತೇನಿ. ಒಮ್ಮೆಲೆ ಭಾಳ ಮಂದಿ ಬ್ಯಾಡ, ಸಣ್ಣ ಸಣ್ಣ ಗುಂಪು. ಒಳಗ ಟ್ಯೂಬ್‌ಲೈಟ್ ಒಂದು ಹಾಕಬ್ಯಾಡ್ರಿ. ನಿಮ್ಮ ಆಯಿ ಒಲಿ ಹೂಡಿದ ಮೂಲಿ ಬಗ್ಗೆ ಅವ್ರ ಹೇಳಲಿ. ಮತ್ತ," ಎಂದು ನನ್ನ ಕಡೆ ನೋಡಿ, "ಆ ಸಣ್ಣ ಕಂಡಿ ಹತ್ರ ಒಂದು ಚಾಪಿ ಹಾಸ್ರಿ. ಎಲ್ಲಾ ಸೈಜಿನ ಮಂದಿ ಬರ್ತಾರ" ಎಂದ.

ಅವನು ಮಾತು ಉಳಿಸಿಕೊಂಡ. ಶನಿವಾರ ಭಾನುವಾರ ಕೋಣೆ ತುಂಬತೊಡಗಿದವು. ಬೌದ್ಧ ಮಠಗಳನ್ನು ನೋಡಲು ಮುಂಡಗೋಡಕ್ಕೆ ಬಂದವರು ಹಾಗೇ ಮುಂದೆ ಜೋಯಿಡಾಕ್ಕೆ ಬರುತ್ತಾರೆ. ಅತ್ತೆ ಗವಿಯ ಬಾಯಲ್ಲಿ ಕೂತು ಹೆಂಚು ಹಾರಿದ ಕಥೆ ಹೇಳುತ್ತಾರೆ. ಭಾಷೆ ತಿಳಿಯದವರೂ ಕೇಳುತ್ತಾರೆ. ಹೇಳಿದಷ್ಟೂ ಆ ಮಳೆ ಜೋರಾಗುತ್ತಿದೆ ಎಂದು ಸೆಲಿನ್ ನಗುತ್ತಾಳೆ. ಗೋವಾದ ಯಜಮಾನಿ ಮತ್ತೆ ಫೋನ್ ಮಾಡಿ ವಾಪಸ್ ಯಾವಾಗ ಬರುತ್ತೀ ಎಂದು ಕೇಳಿದಾಗ, "ನೀವ ಒಂದ್ಸಲ ಬರ್ರಿ ಬಾಯಿ, ಉಣ್ಣಾಕ ಹಾಕ್ತೇನಿ" ಎಂದಳಂತೆ. ಅವರು ಮಕ್ಕಳನ್ನು ಕಟ್ಟಿಕೊಂಡು ಬಂದೂ ಹೋದರು. ರೋಜಿ ಈಗ ತಾಯಿಯ ಪಕ್ಕದಲ್ಲೇ ಕೂತು ಉಣ್ಣುತ್ತದೆ, ಮತ್ತು ಎಲ್ಲ ಮಕ್ಕಳಂತೆ ಪಲ್ಯ ಬಿಡುತ್ತದೆ.

ಬೋರ್ಡ್ ಬಂದದ್ದು ತೆನ್ಜಿನ್ ಹೋಗಿ ಎಷ್ಟೋ ದಿನಗಳಾದ ಮೇಲೆ. ಹಸಿರು ಹಿನ್ನೆಲೆ, ದೊಡ್ಡ ಹಳದಿ ಇಂಗ್ಲಿಷ್ ಅಕ್ಷರ. ನಾನೇ ಎದುರು ನಿಂತು ಓದಿ, ಭೇಷ್ ಎಂದು ಪೇಂಟರನ ಬೆನ್ನು ತಟ್ಟಿ, ಫೋಟೊ ತೆಗೆದು, ಸ್ಟಾಫ್ ರೂಮಿನಲ್ಲಿ ಕುಲಕರ್ಣಿ ಮೇಡಂ ಅವರಿಗೆ ತೋರಿಸಿದೆ. ಅವರು ಕನ್ನಡಕ ಸರಿಮಾಡಿಕೊಂಡು ಬಹಳ ಹೊತ್ತು ನೋಡಿದರು.

"ಸರ್, ಇದು ಕೇವ್ ಅಲ್ಲ. ಕ್ಯಾವರ್ನೂ ಅಲ್ಲ."

"ಮತ್ತ?"

"ಟ್ಯಾವರ್ನ್ ಅಂತ ಐತ್ರಿ. ಅಂದ್ರ ಸಾರಾಯಿ ಅಂಗಡಿ."

ಪೇಂಟರನಿಗೆ ಫೋನ್ ಹಚ್ಚಿದೆ. ಅವನದೇನೂ ತಪ್ಪಿಲ್ಲ ಎಂದ. "ಮೊದಲನೇ ಅಕ್ಷರ ಕೇಳಸವಲ್ದು ಅಂದಾಗ ನೀವ ಹೇಳಿದ್ರಿ ಸರ, ಚಹಾದ್ದು ಅಂತ. ಚಹಾ ಅಂದ್ರ ಟೀ ಅಲ್ಲೇನ್ರಿ? ಟಿ ಹಾಕೇನಿ. ನಮ್ಮ ಗೋವಾ ಕಡೆ ತಾವೆರ್ನ್ ಭಾಳ ಇರ್ತಾವ, ಅದಕ್ಕ ನನಗೂ ಸಂಶೆ ಬರಲಿಲ್ಲ." ಸಿ ಎಂಬ ಇಂಗ್ಲಿಷ್ ಅಕ್ಷರಕ್ಕೆ ಕನ್ನಡದ ಉದಾಹರಣೆ ಕೊಟ್ಟವನು ನಾನೇ. ಅದರ ಎದುರು ನಿಂತು ಭೇಷ್ ಎಂದವನೂ ನಾನೇ.

ಸೆಲಿನ್‌ಗೆ ಹೇಗೆ ಹೇಳುವುದೆಂದು ಒದ್ದಾಡುತ್ತ ಫೋನ್ ಮಾಡಿದರೆ ಅವಳು ಶಾಂತವಾಗಿ, "ಗೊತ್ತೈತಿ ಭಾವಾ" ಎಂದಳು. "ಮೊನ್ನೆ ಗೋವಾದ ಎರಡು ಗಾಡಿ ನಿಂತಿದ್ವು. ಫೆನಿ ಕೇಳಿದ್ರು. ಇಲ್ಲ, ಕೋಕಂ ಶರಬತ್ ಐತಿ ಅಂದೆ. ಕುಡದ್ರು, ಉಂಡ್ರು, ಗವಿ ನೋಡಿದ್ರು, ರಾತ್ರಿ ಉಳಕೊಂಡ್ರು. ಮಳಿಗಾಲದತನಕ ಬೋರ್ಡ್ ಹಂಗ ಇರ್ಲಿ."

ಆ ವಾರ ಒಂಬತ್ತನೆಯ ತರಗತಿಯ ಉತ್ತರ ಪತ್ರಿಕೆಗಳನ್ನು ತಿದ್ದುತ್ತಿದ್ದೆ. 'ನಮ್ಮೂರು' ಎಂಬ ಪ್ರಬಂಧದಲ್ಲಿ ಒಬ್ಬಳು ಹುಡುಗಿ, ಅತಿಥಿ ಸತ್ಕಾರ ಎನ್ನುವ ಕಡೆ, "ಅತಿಥಿ ಸಂಸ್ಕಾರದಲ್ಲಿ ನಮ್ಮೂರಿನವರು ಎತ್ತಿದ ಕೈ. ಮನೆಗೆ ಬಂದ ಯಾರನ್ನೂ ನಾವು ಸಂಸ್ಕಾರ ಮಾಡದೆ ಕಳಿಸುವುದಿಲ್ಲ" ಎಂದು ಬರೆದಿದ್ದಳು. ಹಿಂದಾದರೆ ಆ ಎರಡು ಶಬ್ದಗಳಿಗೆ ಕೆಂಪು ಗೆರೆ ಎಳೆದು, ಅಂಕ ಕಡಿದು, ತರಗತಿಯ ಎದುರು ಓದಿ ತೋರಿಸುತ್ತಿದ್ದೆ. ಪೆನ್ನನ್ನು ಎತ್ತಿದ್ದೂ ಹೌದು. ಆಮೇಲೆ ಪಕ್ಕದಲ್ಲಿ ಸಣ್ಣದಾಗಿ 'ಸತ್ಕಾರ' ಎಂದು ಬರೆದು ಪೂರ್ತಿ ಅಂಕ ಹಾಕಿದೆ. ಹುಡುಗಿಯ ಊರಿಗೆ ಹೋದ ಅತಿಥಿಗಳು ಜೀವಸಹಿತ ಮರಳಿದ್ದರೆ ಸಾಕು.